ವಿವಿಯನ್ ಲೀ ಮಾತ್ರೆ ತಗೊಂಡು ನಟಿಸಿದ್ದಳಾ? ಅಕ್ಕನ ಪ್ರಶ್ನೆಗೆ ಉತ್ತರ ಬೇಕು

ಹೇಮಾವತಿ ದಂಡೆ (ಸಕಲೇಶಪುರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ವಿವಿಯನ್ ಲೀ ಅನ್ನುವ ಹಳೇ ಇಂಗ್ಲಿಷ್ ಸಿನಿಮಾ ನಟಿಯದ್ದು. ಆದರೆ ಅದರ ಹಿಂದೆ ನಮ್ಮ ಮನೆಯ ಕಥೆ ಇದೆ. ಅದನ್ನು ಬಿಟ್ಟು ಕೇಳಿದರೆ ನನಗೆ ಬೇಕಾದ ಉತ್ತರ ಸಿಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನನ್ನ ಅಕ್ಕನಿಗೆ 41 ವರ್ಷ. ಒಂಬತ್ತು ವರ್ಷದ ಹಿಂದೆ ಡಾಕ್ಟರ್ ಬೈಪೋಲಾರ್ ಅಂತ ಹೇಳಿದರು, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ. ಅದಕ್ಕೂ ಮುಂಚೆ ಎರಡು ವರ್ಷ ನಾವು ಅವಳನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿದ್ದೆವು. ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿಸಿದೆವು. ದೇವರು ಮೈಮೇಲೆ ಬರುತ್ತಿದೆ ಅಂದರು, ಅದಕ್ಕೂ ನಡೆದುಕೊಂಡೆವು. ಕಾಯಿಲೆ ಏರಿದಾಗ ಅಕ್ಕ ರಾತ್ರಿ ಎರಡು ಗಂಟೆಗೆ ಎದ್ದು ಕಣದಲ್ಲಿ ಕಾಫಿ ಹರಡುತ್ತಿದ್ದಳು. ಮೂರು ದಿನ ನಿದ್ದೆ ಇರುತ್ತಿರಲಿಲ್ಲ. ಒಮ್ಮೆ ಪೇಟೆಗೆ ಹೋಗಿ ಸಾಲದಲ್ಲಿ ಹದಿನಾಲ್ಕು ಸೀರೆ ತಂದಳು. ಲೈನ್ ಮನೆಯ ಹೆಂಗಸರಿಗೆಲ್ಲ ಒಂದೊಂದು ಹಂಚಿಬಿಟ್ಟಳು. ಆಮೇಲೆ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಬಾಚುತ್ತೇನೆ ಅಂದರೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಈಗ ಅದಕ್ಕೆ ದಿನಾ ರಾತ್ರಿ ಲಿಥಿಯಂ ಅನ್ನುವ ಮಾತ್ರೆ. ಐದು ವರ್ಷದಿಂದ ಚೆನ್ನಾಗಿದ್ದಾಳೆ. ತೋಟದ ಲೆಕ್ಕ ಅವಳೇ ಬರೆಯುತ್ತಾಳೆ. ಕುಯ್ಲಿನ ಹೊತ್ತಲ್ಲಿ ಸಂಜೆ ಹಣ್ಣು ಅಳೆದುಕೊಳ್ಳುವವಳೂ ಅವಳೇ.

ಅಕ್ಕನಿಗೆ ನಾಟಕ ಅಂದರೆ ಜೀವ. ಕಾಲೇಜಿನಲ್ಲಿ ಮಾಡಿದ್ದೇ ಕೊನೆ. ಹದಿನೆಂಟು ವರ್ಷದ ಮೇಲೆ ಈ ವರ್ಷ ಹಾಸನದ ಒಂದು ಹವ್ಯಾಸಿ ತಂಡದಲ್ಲಿ ಪಾತ್ರ ಸಿಕ್ಕಿತು. ಮಗನನ್ನು ಕಳೆದುಕೊಂಡ ತಾಯಿ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮೊದಲ ದಿನವೇ ತಂಡದವರಿಗೆ ತನ್ನ ಕಾಯಿಲೆ ವಿಷಯ ಹೇಳಿದಳು. ರಾತ್ರಿ ಒಂಬತ್ತಕ್ಕೆ ನನ್ನನ್ನು ಬಿಡಿ, ನಿದ್ದೆ ಕೆಡಬಾರದು ಅಂತ. ನನಗೆ ಅವಳ ಬಗ್ಗೆ ಹೆಮ್ಮೆ ಆಯಿತು.

ಮೂರನೇ ವಾರ ನಿರ್ದೇಶಕರು ಅವಳಿಗೆ ಹೇಳಿದ್ದು ಇದು: "ನಿನ್ನಲ್ಲಿ ಕಿಚ್ಚು ಕಾಣ್ತಿಲ್ಲ. ಮಾತ್ರೆ ನಿನ್ನನ್ನು ಮಂಕು ಮಾಡಿದೆ. ವಿವಿಯನ್ ಲೀ ಗೊತ್ತಲ್ವಾ? ಅವಳಿಗೂ ಇದೇ ಇತ್ತು. ಆ ಹುಚ್ಚಿಂದಲೇ ಎರಡು ಆಸ್ಕರ್ ಬಂತು."

ಅಕ್ಕ ಮನೆಗೆ ಬಂದು ಏನೂ ಹೇಳಲಿಲ್ಲ. ಮುಂದಿನ ತಿಂಗಳ ಮಾತ್ರೆ ತರಲು ನಾನು ಹಳೇ ಪಟ್ಟಿ ಎಣಿಸಿದಾಗ ಹನ್ನೊಂದು ಮಾತ್ರೆ ಹೆಚ್ಚಿಗೆ ಉಳಿದಿತ್ತು. ಕೇಳಿದೆ. ಅವಳು ನನ್ನ ಮುಖ ನೋಡಿಕೊಂಡು, "ವಿವಿಯನ್ ಲೀ ಮಾತ್ರೆ ತಗೊಂಡು ನಟಿಸಿದ್ಳಾ? ಹೇಳು" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಡಾಕ್ಟರಿಗೆ ಅವತ್ತೇ ಫೋನ್ ಮಾಡಿದೆವು. ಅವರು ಹೇಳಿದ ಹಾಗೆ ಮತ್ತೆ ಶುರು ಮಾಡಿದ್ದಾಳೆ. ಆದರೆ ಒಲ್ಲದ ಮನಸ್ಸಿನಿಂದ ನುಂಗುತ್ತಾಳೆ. ಅದು ನನಗೆ ಕಾಣುತ್ತದೆ.

ಆ ನಟಿಯ ಬಗ್ಗೆ ಸರಿಯಾಗಿ ತಿಳಿದವರು ದಯವಿಟ್ಟು ಹೇಳಿ. ನಿಜ ಏನಿದೆಯೋ ಅದೇ ಬೇಕು. ಒಪ್ಪಿಸಲಿಕ್ಕೆ ಅಂತ ಸುಳ್ಳು ಬೇಡ. ಅಕ್ಕನಿಗೆ ಸುಳ್ಳು ತಕ್ಷಣ ಗೊತ್ತಾಗುತ್ತದೆ.

ಹಳೇ ಪ್ರೊಜೆಕ್ಟರ್ (ಹಾಸನ):

ತಂಗೀ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನನಗೆ 69 ವರ್ಷ. ನಮ್ಮಪ್ಪ ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. ಕಾರ್ಬನ್ ಕಡ್ಡಿ ಸುಡುವ ವಾಸನೆಯಲ್ಲೇ ನಾನು ಬೆಳೆದಿದ್ದು. ವಿವಿಯನ್ ಲೀ ಅವರನ್ನು ಐವತ್ತು ವರ್ಷದಿಂದ ನೋಡುತ್ತಿದ್ದೇನೆ, ಓದುತ್ತಿದ್ದೇನೆ. ಮಾತ್ರೆಯ ವಿಷಯ ತಿಳಿದವರು ಹೇಳಲಿ. ಆಕೆಯ ಕೆಲಸದ ವಿಷಯ ನಾನು ಹೇಳುತ್ತೇನೆ.

ಆ ನಿರ್ದೇಶಕರು ಹೇಳಿದ್ದರಲ್ಲಿ ಇಸವಿಯೇ ಹೊಂದುವುದಿಲ್ಲ. 'ಗಾನ್ ವಿತ್ ದ ವಿಂಡ್' ಚಿತ್ರೀಕರಣ ನಡೆದಿದ್ದು 1939ರ ಜನವರಿಯಿಂದ ಜುಲೈವರೆಗೆ. ಆಗ ಆಕೆಗೆ 25 ವರ್ಷ. ಅದಕ್ಕೆ ಮೊದಲ ಆಸ್ಕರ್ ಬಂದಿದ್ದು 1940ರಲ್ಲಿ. ಕಾಯಿಲೆ ಜೋರಾಗಿ ಕಂಡಿದ್ದು ಅದಾದ ನಾಲ್ಕೈದು ವರ್ಷಕ್ಕೆ. 1944ರಲ್ಲಿ 'ಸೀಸರ್ ಅಂಡ್ ಕ್ಲಿಯೋಪಾತ್ರ' ಮಾಡುವಾಗ ಗರ್ಭ ಹೋಯಿತು. ಅದರ ಬೆನ್ನಿಗೇ ದೊಡ್ಡ ಖಿನ್ನತೆ. ಅದೇ ಹೊತ್ತಿಗೆ ಕ್ಷಯವೂ ಅಂಟಿತು. ಅದಕ್ಕೂ ಮುಂಚೆ ಚಡಪಡಿಕೆ, ಸಿಟ್ಟು ಇದ್ದಿರಬಹುದು. ಆದರೆ ಮೊದಲ ಆಸ್ಕರನ್ನು ಹುಚ್ಚಿನ ಲೆಕ್ಕಕ್ಕೆ ಬರೆಯುವುದು ಆ ಹುಡುಗಿ ಪಟ್ಟ ಪಾಡಿಗೆ ಮಾಡುವ ಅನ್ಯಾಯ.

ಏನು ಪಾಡು ಅಂತ ಹೇಳುತ್ತೇನೆ. ಆ ಪಾತ್ರ ಅಮೆರಿಕದ ದಕ್ಷಿಣ ಸೀಮೆಯ ಜಮೀನ್ದಾರನ ಮಗಳದ್ದು. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಎರಡು ವರ್ಷ ಹುಡುಕಿಸಿದ್ದರು. ಸುಮಾರು 1,400 ಹೆಂಗಸರನ್ನು ನೋಡಿದ್ದರು ಅನ್ನುತ್ತಾರೆ. ಕೊನೆಗೆ ಆರಿಸಿದ್ದು ಇಂಗ್ಲೆಂಡಿನಿಂದ ಬಂದ, ಅಮೆರಿಕದಲ್ಲಿ ಹೆಚ್ಚು ಜನಕ್ಕೆ ಹೆಸರೇ ಗೊತ್ತಿಲ್ಲದ ಹುಡುಗಿಯನ್ನು. ಆಕೆ ಆ ಸೀಮೆಯ ಮಾತಿನ ಎಳೆತ ಕಲಿಯಬೇಕಿತ್ತು. ಹಾಸನದವರು ಒಂದೇ ತಿಂಗಳಲ್ಲಿ ಧಾರವಾಡದ ಕನ್ನಡ ಕಲಿತು, ಧಾರವಾಡದವರ ಮುಂದೆಯೇ ಮೂರೂಮುಕ್ಕಾಲು ಗಂಟೆ ಆಡಿ ತೋರಿಸಿದ ಹಾಗೆ. ಆ ದಕ್ಷಿಣ ಸೀಮೆಯವರು ಒಪ್ಪಿದರು. ಅಲ್ಲಿನ ಅಟ್ಲಾಂಟಾ ಊರಲ್ಲಿ ಮೊದಲ ಪ್ರದರ್ಶನ ಆದ ದಿನ ಊರಿಗೆ ಊರೇ ಬೀದಿಯಲ್ಲಿತ್ತು.

ನಡುವೆ ಇನ್ನೊಂದು ಆಯಿತು. ಶುರುವಾಗಿ ಕೆಲವೇ ವಾರಕ್ಕೆ ನಿರ್ದೇಶಕ ಜಾರ್ಜ್ ಕ್ಯೂಕರ್ ಅವರನ್ನು ತೆಗೆದರು. ವಿಕ್ಟರ್ ಫ್ಲೆಮಿಂಗ್ ಬಂದರು. ವಿವಿಯನ್‌ಗೆ ಕ್ಯೂಕರ್ ಹೇಳಿಕೊಡುವ ರೀತಿ ಬೇಕಿತ್ತು. ಏನು ಮಾಡಿದಳು ಗೊತ್ತಾ? ರಜೆ ಸಿಗುವ ಭಾನುವಾರ ಗುಟ್ಟಾಗಿ ಕ್ಯೂಕರ್ ಮನೆಗೆ ಹೋಗಿ ಪಾಠ ಹೇಳಿಸಿಕೊಂಡಳು. ಜೊತೆಯ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಕೂಡ ಹೋಗುತ್ತಿದ್ದರು, ಬೇರೆಯಾಗಿ. ಇದನ್ನು ಅಕ್ಕನಿಗೆ ಮರೆಯದೆ ಹೇಳಿ. ವಾರವೆಲ್ಲ ದುಡಿದು ಭಾನುವಾರವೂ ತಾಲೀಮಿಗೆ ಹೋದ ಹುಡುಗಿ ಅಂತ.

ನಿಮಗೆ ಒಂದು ಸಂತೋಷದ ವಿಷಯ. ಆಕೆ ಹುಟ್ಟಿದ್ದು ನಮ್ಮ ದೇಶದಲ್ಲಿ. ಡಾರ್ಜಿಲಿಂಗ್, 1913ರ ನವೆಂಬರ್ 5. ಹುಟ್ಟಿದಾಗಿನ ಹೆಸರು ವಿವಿಯನ್ ಮೇರಿ ಹಾರ್ಟ್ಲಿ. 1917ರಲ್ಲಿ ಅಪ್ಪನಿಗೆ ಸೈನ್ಯದ ಕುದುರೆ ಪಡೆಯಲ್ಲಿ ಬೆಂಗಳೂರಿಗೆ ವರ್ಗ ಆಯಿತು. ತಾಯಿ ಮಗಳು ಊಟಿಯಲ್ಲಿದ್ದರು. ತಾಯಿಯ ಹವ್ಯಾಸಿ ನಾಟಕ ತಂಡಕ್ಕೆ ಮೂರು ವರ್ಷದ ಈ ಮಗು ಒಂದು ಶಿಶುಗೀತೆ ಹೇಳಿದ್ದೇ ಆಕೆಯ ಮೊದಲ ರಂಗಪ್ರವೇಶ. ಹವ್ಯಾಸಿ ತಂಡ! ನಿಮ್ಮ ಅಕ್ಕನದ್ದೂ ಅದೇ ಅಲ್ವಾ? ಆರು ವರ್ಷಕ್ಕೆ ಲಂಡನ್ ಹತ್ತಿರ ಕಾನ್ವೆಂಟಿಗೆ ಬಿಟ್ಟರು. 19ಕ್ಕೆ ಮದುವೆ. ಗಂಡ ಹರ್ಬರ್ಟ್ ಲೀ ಹೋಲ್ಮನ್, ವಕೀಲರು. ಆ 'ಲೀ' ಅವರ ಹೆಸರಿನಿಂದ ತಗೊಂಡಿದ್ದು. ಇಪ್ಪತ್ತು ತುಂಬುವ ಮುಂಚೆ ಮಗಳು ಹುಟ್ಟಿದಳು. 1935ರಲ್ಲಿ 'ದ ಮಾಸ್ಕ್ ಆಫ್ ವರ್ಚ್ಯೂ' ಅನ್ನುವ ನಾಟಕದಿಂದ ಹೆಸರು ಬಂತು. ನಟ ಲಾರೆನ್ಸ್ ಒಲಿವಿಯೆ ಜೊತೆಗಿನ ಪ್ರೀತಿ, 1940ರಲ್ಲಿ ಮದುವೆ, 1960ರಲ್ಲಿ ವಿಚ್ಛೇದನ, ಇದೆಲ್ಲ ಬೇರೆ ಕಡೆ ಜಾಸ್ತಿಯೇ ಸಿಗುತ್ತದೆ. ಇಲ್ಲಿ ಬಿಡುತ್ತೇನೆ.

ಇನ್ನು ಎರಡನೇ ಆಸ್ಕರ್. 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್'. ಬ್ಲಾಂಚ್ ಅನ್ನುವ ಹೆಂಗಸಿನ ಪಾತ್ರ. ಮನೆ ಮಾರು ಎಲ್ಲ ಹೋಗಿ, ತಂಗಿಯ ಮನೆಗೆ ಬಂದು, ಅಲ್ಲಿ ಬುದ್ಧಿ ಕದಡಿ ಹೋಗುತ್ತದೆ. ಇಲ್ಲಿ ಅಕ್ಕನ ನಿರ್ದೇಶಕರ ಮಾತು ನಿಜ ಅನ್ನಿಸಬಹುದು. ಆದರೆ ಸಿನಿಮಾಕ್ಕೆ ಮುಂಚೆ ಆಕೆ ಅದೇ ಪಾತ್ರವನ್ನು ಲಂಡನ್ನಿನ ರಂಗದ ಮೇಲೆ ಮಾಡಿದ್ದಳು. 1949ರ ಅಕ್ಟೋಬರಿನಲ್ಲಿ ಶುರು. 326 ಪ್ರದರ್ಶನ! ಒಂದೇ ಪಾತ್ರ, 326 ಸಲ. 1951ರ ಸಿನಿಮಾದಲ್ಲಿ ನಾವು ನೋಡುವುದು ಆ ತಾಲೀಮಿನ ಫಲ. ಅದರ ನಿರ್ದೇಶಕ ಇಲಿಯಾ ಕಜಾನ್ ಮೊದಲು ಆಕೆಯನ್ನು ಅಷ್ಟಾಗಿ ಮೆಚ್ಚಿರಲಿಲ್ಲ. ಆಮೇಲೆ ಅವರೇ ಬರೆದರು, ಚೆನ್ನಾಗಿ ಮಾಡಲೇಬೇಕು ಅನ್ನುವ ಹಟ ಇಷ್ಟಿರುವ ನಟಿಯನ್ನು ತಾನು ಬೇರೆ ನೋಡಿಲ್ಲ, ಅಭಿನಯಕ್ಕೆ ಒಳ್ಳೆಯದಾಗುತ್ತದೆ ಅಂದರೆ ಒಡೆದ ಗಾಜಿನ ಮೇಲೂ ತೆವಳುತ್ತಿದ್ದಳು ಅನ್ನುವ ಅರ್ಥದಲ್ಲಿ.

ಇದನ್ನೆಲ್ಲ ಕಾಯಿಲೆ ಅನ್ನಲಿಕ್ಕೆ ಆಗುತ್ತದಾ?

ರಂಗದ ಹುಡುಗ (ಚಿಕ್ಕಮಗಳೂರು):

ಅಕ್ಕಾ, ಸರ್, ಇಬ್ಬರಿಗೂ ನಮಸ್ಕಾರ. ನಾನು ಐದು ವರ್ಷದಿಂದ ನಾಟಕ ಮಾಡುತ್ತಿದ್ದೇನೆ. ಮಾತ್ರೆ ಬಿಡು ಅಂದಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ ಹೇಳಿದ್ದನ್ನು ಪೂರ್ತಿ ಒಪ್ಪಲು ನನಗೆ ಆಗುತ್ತಿಲ್ಲ. ಬರೀ ತಾಲೀಮಿನಿಂದ ಬ್ಲಾಂಚ್ ಬರುತ್ತಾಳಾ? ಆ ಕಣ್ಣಿನಲ್ಲಿ ಇರುವ ಭಯ ಕಲಿತು ಬರುವಂಥದ್ದಲ್ಲ. ಕಳೆದ ವರ್ಷ ಕುವೆಂಪು ಕಲಾಮಂದಿರದಲ್ಲಿ ಒಂದು ಸಾವಿನ ದೃಶ್ಯ ಮಾಡಬೇಕಿತ್ತು. ಎಷ್ಟು ತಾಲೀಮು ಮಾಡಿದರೂ ಬರಲಿಲ್ಲ. ನಮ್ಮಜ್ಜಿ ಹೋದ ರಾತ್ರಿಯನ್ನು ನೆನೆಸಿಕೊಂಡ ಮೇಲೆ ಬಂತು. ಅನುಭವಿಸಿದ ನೋವು ಒಳಗೆ ಇದ್ದರೆ ಅದು ಹೊರಗೆ ಬರುತ್ತದೆ. ವಿವಿಯನ್ ಲೀ ಕೂಡ ಬ್ಲಾಂಚ್ ನನಗೆ ಅರ್ಥವಾಗುತ್ತಾಳೆ ಅಂದಿದ್ದರು ಅಂತ ಓದಿದ್ದೇನೆ.

ಹಳೇ ಪ್ರೊಜೆಕ್ಟರ್ (ಹಾಸನ):

ತಮ್ಮಾ, ಒಳ್ಳೆ ಮಾತು. ನೀನು ಓದಿದ್ದು ನಿಜ. ಆದರೆ ಆ ಮಾತಿನ ಉಳಿದ ಅರ್ಧವನ್ನೂ ಓದು. ಬ್ಲಾಂಚ್ ನನಗೆ ಅರ್ಥವಾಗುತ್ತಾಳೆ, ಆದರೆ ಅವಳನ್ನು ಆಡಿದ್ದೇ ನನ್ನನ್ನು ಹುಚ್ಚಿನ ಕಡೆ ತಳ್ಳಿತು ಅಂತ ಆಕೆ ಹೇಳಿಕೊಂಡಿದ್ದಳು. ಅಂದರೆ ಹುಚ್ಚು ಪಾತ್ರವನ್ನು ಕೊಟ್ಟಿದ್ದಲ್ಲ. ಪಾತ್ರಕ್ಕೆ ಆಕೆ ತನ್ನ ಆರೋಗ್ಯವನ್ನು ತೆತ್ತಳು.

ನಿನ್ನ ಅಜ್ಜಿಯ ನೆನಪನ್ನೇ ತಗೋ. ಅಜ್ಜಿ ಹೋದ ರಾತ್ರಿಯೇ ನಿನ್ನನ್ನು ರಂಗಕ್ಕೆ ತಳ್ಳಿದ್ದರೆ ಆ ದೃಶ್ಯ ಮಾಡುತ್ತಿದ್ದೆಯಾ? ಮಾತೇ ಹೊರಡುತ್ತಿರಲಿಲ್ಲ. ಆರಿದ ಮೇಲೆ, ನೆಲ ಸಿಕ್ಕ ಮೇಲೆ ನೆನೆಸಿಕೊಂಡೆ. ಅದಕ್ಕೇ ಬಂತು.

ಕಾಯಿಲೆ ಕೈ ಮೀರಿದಾಗ ಆಕೆಗೆ ಏನಾಯಿತು ಅಂದರೆ ಕೆಲಸವೇ ಹೋಯಿತು. 1953ರಲ್ಲಿ ಸಿಲೋನಿನಲ್ಲಿ 'ಎಲಿಫೆಂಟ್ ವಾಕ್' ಸಿನಿಮಾ ಮಾಡುತ್ತಿದ್ದಳು. ಹಾಲಿವುಡ್‌ಗೆ ವಾಪಸ್ ಬಂದ ಮೇಲೆ ಕುಸಿದು ಬಿದ್ದಳು. ಪಾತ್ರ 21 ವರ್ಷದ ಎಲಿಜಬೆತ್ ಟೇಲರ್ ಪಾಲಾಯಿತು. ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ನೆದರ್ನ್ ಅನ್ನುವ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಹುಚ್ಚಿನಿಂದ ಕಲೆ ಬರುವುದಾಗಿದ್ದರೆ ಆ ಸಿನಿಮಾ ಆಕೆಯ ದೊಡ್ಡ ಸಿನಿಮಾ ಆಗಬೇಕಿತ್ತು ಅಲ್ವಾ? ಮುಗಿಸಲೂ ಆಗಲಿಲ್ಲ.

ರಂಗದ ಹುಡುಗ (ಚಿಕ್ಕಮಗಳೂರು):

ಸರ್, ಆ ಉಳಿದ ಅರ್ಧ ನನಗೆ ಗೊತ್ತಿರಲಿಲ್ಲ. ಅಜ್ಜಿ ಮಾತು ನಾಟಿತು. ನಾನು ಆ ದೃಶ್ಯ ಮಾಡಿದ್ದು ಅಜ್ಜಿ ಹೋಗಿ ಮೂರು ವರ್ಷ ಆದಮೇಲೆ.

ರಾತ್ರಿ ಪಾಳಿ (ಚಿಕ್ಕಮಗಳೂರು):

ಸಕಲೇಶಪುರದ ಮೇಡಂಗೆ. ನಾನು ನರ್ಸ್. ಮಾನಸಿಕ ರೋಗಿಗಳ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಇದೆ. ದಯವಿಟ್ಟು ಹೀಗೇ ಹೇಳಿ: "ಅವರ ಕಾಲಕ್ಕೆ ಆ ಮಾತ್ರೆ ಇನ್ನೂ ರೂಢಿಗೆ ಬಂದಿರಲಿಲ್ಲ."

ಲಿಥಿಯಂ ಈ ಕಾಯಿಲೆಗೆ ಕೆಲಸ ಮಾಡುತ್ತದೆ ಅಂತ ಮೊದಲು ಬರೆದವರು ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್. 1949ರಲ್ಲಿ. ಕಾಯಿಲೆ ಏರಿದ್ದ ಹತ್ತು ಜನರಿಗೆ ಕೊಟ್ಟು ನೋಡಿದ್ದರು. ಇಸವಿ ನೋಡಿ. ವಿವಿಯನ್ ಲೀ ಲಂಡನ್ನಿನಲ್ಲಿ ಆ 326 ಆಟ ಶುರು ಮಾಡಿದ ವರ್ಷವೇ ಅದು. ಆದರೆ ಆ ಸುದ್ದಿ ಹರಡಲು ಎಷ್ಟೋ ವರ್ಷ ಹಿಡಿಯಿತು. ಅಳತೆ ತಪ್ಪಿದರೆ ವಿಷ ಆಗುತ್ತದೆ ಅಂತ ಡಾಕ್ಟರುಗಳಿಗೆ ಭಯ ಇತ್ತು. ರಕ್ತದಲ್ಲಿ ಎಷ್ಟಿದೆ ಅಂತ ಅಳೆಯುವುದು ರೂಢಿಯಾದ ಮೇಲೆ ಭಯ ಕಡಿಮೆ ಆಯಿತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ವಿವಿಯನ್ ಲೀ ತೀರಿಕೊಂಡಿದ್ದು 1967ರ ಜುಲೈನಲ್ಲಿ. 53 ವರ್ಷ. ಮೂರೇ ಮೂರು ವರ್ಷ. ಇದನ್ನು ಬರೆಯುವಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಅವರಿಗೆ ಸಿಕ್ಕಿದ್ದು ನಿದ್ದೆ ಬರಿಸುವ ಔಷಧಿ ಮತ್ತು ಕರೆಂಟಿನ ಚಿಕಿತ್ಸೆ. ಕರೆಂಟಿನ ಚಿಕಿತ್ಸೆ ಅಂದ ಕೂಡಲೇ ಹೆದರಬೇಡಿ. ಈಗಲೂ ಕೆಲವರಿಗೆ ಅದು ಜೀವ ಉಳಿಸುತ್ತದೆ. ಆದರೆ ಈಗ ಪ್ರಜ್ಞೆ ತಪ್ಪಿಸಿ, ಮೈ ಸಡಿಲವಾಗುವ ಔಷಧಿ ಕೊಟ್ಟೇ ಮಾಡಬೇಕು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಹಾಗೆ ಇದೆ. ಅವರ ಕಾಲದಲ್ಲಿ ಎಲ್ಲ ಕಡೆ ಆ ಜಾಗ್ರತೆ ಇರಲಿಲ್ಲ. ಅಂಥ ಚಿಕಿತ್ಸೆ ನಡುವೆ ಆ ಹೆಂಗಸು 1963ರಲ್ಲಿ ನ್ಯೂಯಾರ್ಕಿನಲ್ಲಿ ಹಾಡು ಕುಣಿತದ ನಾಟಕ ಮಾಡಿ ಟೋನಿ ಪ್ರಶಸ್ತಿ ತಗೊಂಡರು, ಅಲ್ಲಿ ನಾಟಕದವರಿಗೆ ಕೊಡುವ ದೊಡ್ಡ ಪ್ರಶಸ್ತಿ. ಆಗ 49 ವರ್ಷ. ನನಗೆ ಆ ಎರಡು ಆಸ್ಕರಿಗಿಂತ ಇದು ದೊಡ್ಡದು.

ಈಗ ಅಕ್ಕನ ವಿಷಯ. ಮಂಕು ಅನ್ನಿಸುತ್ತದೆ ಅಂತ ಅವರು ಹೇಳಿದರೆ ಅದನ್ನು ತಳ್ಳಿ ಹಾಕಬೇಡಿ. ಅದು ನಿಜವೇ ಇರಬಹುದು. ಕೆಲವರಿಗೆ ಲಿಥಿಯಂನಿಂದ ಥೈರಾಯ್ಡ್ ಕಡಿಮೆ ಆಗುತ್ತದೆ. ಆಗ ಮೈ ಭಾರ, ಮನಸ್ಸು ಭಾರ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅದಕ್ಕೆ ಚಿಕಿತ್ಸೆಯೂ ಇದೆ. ಲಿಥಿಯಂ ಎಷ್ಟಿದೆ ಅಂತಲೂ ನೋಡಿಸಿ. ಕೊನೆಯ ಮಾತ್ರೆ ತಗೊಂಡು ಹನ್ನೆರಡು ಗಂಟೆ ಆದಮೇಲೆ ರಕ್ತ ಕೊಡಬೇಕು. ಕಿಡ್ನಿ ಪರೀಕ್ಷೆಯೂ ಆಗಲಿ. ಕೈ ನಡುಗುತ್ತಿದ್ದರೆ ಅದನ್ನೂ ಹೇಳಿ. ರಂಗದ ಮೇಲೆ ಲೋಟ ಹಿಡಿಯುವಾಗ ಕೈ ನಡುಗಿದರೆ ನಟಿಗೆ ಎಷ್ಟು ಮುಜುಗರ! ಡಾಕ್ಟರ್ ಅಳತೆ ಬದಲಾಯಿಸಬಹುದು, ಬೇರೆ ದಾರಿ ಹುಡುಕಬಹುದು. ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಮಾತ್ರ ಬೇಡ. ಹಾಗೆ ನಿಲ್ಲಿಸಿದವರಿಗೆ ಕಾಯಿಲೆ ಜೋರಾಗಿ ಮರುಕಳಿಸಿದ್ದನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ.

ನಿಮ್ಮದು ಕಾಫಿ ಸೀಮೆ, ಅದಕ್ಕೇ ಇದನ್ನೂ ಹೇಳುತ್ತೇನೆ. ಕಾಫಿ ಜಾಸ್ತಿ ಕುಡಿದರೆ ಲಿಥಿಯಂ ಮೂತ್ರದಲ್ಲಿ ಬೇಗ ಹೋಗುತ್ತದೆ. ದಿನಾ ಕುಡಿಯುತ್ತಿದ್ದ ಕಾಫಿಯನ್ನು ಪಟ್ಟನೆ ಬಿಟ್ಟರೆ ರಕ್ತದಲ್ಲಿ ಅದು ಏರಬಹುದು. ದಿನಾ ಒಂದೇ ಲೆಕ್ಕ ಇರಲಿ. ಬಿಸಿಲಲ್ಲಿ ಬೆವರಿದಾಗ ನೀರು ಚೆನ್ನಾಗಿ ಕುಡಿಯಲಿ. ಮೈಕೈ ನೋವಿಗೆ ಅಂತ ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಯನ್ನು ಕೇಳದೆ ನುಂಗಬಾರದು. ಕೆಲವು ನೋವಿನ ಮಾತ್ರೆ ಲಿಥಿಯಂ ಏರಿಸುತ್ತವೆ.

ಒಂಬತ್ತು ಗಂಟೆಗೆ ಬಿಡಿ ಅಂದರಲ್ಲ ನಿಮ್ಮ ಅಕ್ಕ, ಅವರಿಗೆ ತಮ್ಮ ಕಾಯಿಲೆ ಚೆನ್ನಾಗಿ ಗೊತ್ತಿದೆ. ನಿದ್ದೆ ಕೆಟ್ಟರೆ ಕಾಯಿಲೆ ಏರುತ್ತದೆ. ಯಾವ ನಾಟಕಕ್ಕೂ ಆ ಒಂಬತ್ತು ಗಂಟೆ ಬಿಟ್ಟುಕೊಡಬೇಡಿ. ರಾತ್ರಿ ಹೊತ್ತು ಗಾಬರಿಯಾದರೆ ಟೆಲಿಮಾನಸ್ ಅನ್ನುವ ಸರ್ಕಾರದ ಮಾನಸಿಕ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತೋಟದ ಮನೆ (ಮೂಡಿಗೆರೆ):

ಪ್ರೊಜೆಕ್ಟರ್ ಸರ್ 'ಎಲಿಫೆಂಟ್ ವಾಕ್' ಹೆಸರು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ನಟನೆ ಬಗ್ಗೆ ನನಗೆ ಹೆಚ್ಚು ತಿಳಿಯದು. ಈ ಸಿನಿಮಾ ಮಾತ್ರ ಮೂರು ಸಲ ನೋಡಿದ್ದೇನೆ. ಯಾಕೆಂದರೆ ಇದು ನಮ್ಮ ಕಥೆ.

ಸಿಲೋನಿನ ಟೀ ತೋಟ. ದೊರೆಯ ಅಪ್ಪ ಹಟಕ್ಕೆ ಬಿದ್ದು ಆನೆಗಳು ನೀರಿಗೆ ಹೋಗುವ ದಾರಿಗೆ ಅಡ್ಡವಾಗಿ ಬಂಗಲೆ ಕಟ್ಟಿರುತ್ತಾನೆ. ಇಂಗ್ಲೆಂಡಿನಿಂದ ಮದುವೆಯಾಗಿ ಬಂದ ಹೊಸ ಹೆಂಡತಿಯ ಪಾತ್ರ ವಿವಿಯನ್ ಲೀ ಅವರದ್ದು. ಕೊನೆಗೆ ಕಾಲರಾ ಬಂದು ಆನೆ ಕಾಯುವ ಆಳುಗಳು ಕಡಿಮೆಯಾದಾಗ ಹಿಂಡು ಗೋಡೆ ಒಡೆದು ಬಂಗಲೆಯೊಳಗೆ ನುಗ್ಗುತ್ತದೆ. ಆಲೂರು, ಸಕಲೇಶಪುರ, ನಮ್ಮ ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋದ ತಿಂಗಳು ನಮ್ಮ ಕಣದ ತಂತಿ ಬೇಲಿ ಮುರಿದು ಒಂಟಿ ಸಲಗ ಹೋಯಿತು. ಅದರ ಪಾಡಿಗೆ ಅದು ಹಳೇ ದಾರಿಯಲ್ಲಿ ಹೋಗಿದೆ, ನಾವು ಅಡ್ಡ ಇದ್ದೆವು ಅಷ್ಟೆ.

ಮೇಡಂಗೆ ಒಂದು ವಿಷಯ ಹೇಳಬೇಕು. ಆ ಸಿನಿಮಾ 1954ರಲ್ಲಿ ಎಲಿಜಬೆತ್ ಟೇಲರ್ ಹೆಸರಿನಲ್ಲಿ ಬಂತು. ಆದರೆ ಸಿಲೋನಿನಲ್ಲಿ ತೆಗೆದ ದೃಶ್ಯಗಳನ್ನೆಲ್ಲ ಮತ್ತೆ ತೆಗೆಯಲಿಲ್ಲ. ದೂರದಿಂದ ಕಾಣುವ ಕೆಲವು ಕಡೆ, ಬೆನ್ನು ತಿರುಗಿಸಿ ನಿಂತ ಕಡೆ, ಅಲ್ಲಿರುವುದು ವಿವಿಯನ್ ಲೀ ಅವರೇ. ಮುಖ ಕಾಣುವುದಿಲ್ಲ. ಇದನ್ನು ತಿಳಿದ ಮೇಲೆ ನೋಡಿದಾಗ ನನಗೆ ತುಂಬಾ ಸಂಕಟವಾಯಿತು. ಹೆಸರಿಲ್ಲದೆ, ಮುಖವಿಲ್ಲದೆ ಆ ಹೆಂಗಸು ಆ ತೋಟದಲ್ಲಿ ಇನ್ನೂ ಓಡಾಡುತ್ತಿದ್ದಾರೆ.

ಹಳೇ ಪ್ರೊಜೆಕ್ಟರ್ (ಹಾಸನ):

ಇನ್ನೊಂದು ಮರೆತಿದ್ದೆ. ಹಾಸನದ ನಾಟಕದವರಿಗೆ ಇದು ಗೊತ್ತಾಗಬೇಕು. 1957ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಅನ್ನುವ ಹಳೇ ರಂಗಮಂದಿರವನ್ನು ಕೆಡವಲು ಹೊರಟರು. ವಿವಿಯನ್ ಲೀ ಬೀದಿಗೆ ಇಳಿದು ಮೆರವಣಿಗೆ ಮಾಡಿದಳು. ಅಲ್ಲಿಗೆ ನಿಲ್ಲಲಿಲ್ಲ. ಹೌಸ್ ಆಫ್ ಲಾರ್ಡ್ಸ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯ ಸಭೆ ನಡೆಯುವಾಗ ಎದ್ದು ನಿಂತು ಪ್ರತಿಭಟಿಸಿದಳು. ಹೊರಗೆ ಕರೆದುಕೊಂಡು ಹೋದರು. ರಂಗಮಂದಿರ ಉಳಿಯಲಿಲ್ಲ. ಆಗಲೂ ಕೆಲವರು ಇದನ್ನು ಆಕೆಯ ಕಾಯಿಲೆಯ ಲೆಕ್ಕಕ್ಕೇ ಹಾಕಿದ್ದಿರಬಹುದು. ನಮ್ಮಪ್ಪ ಕೆಲಸ ಮಾಡಿದ ಟೆಂಟ್ ಇದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪ ಇದೆ. ಅದನ್ನು ಕೀಳುವ ದಿನ ಅಪ್ಪ ಹೋಗಿ ಸುಮ್ನೆ ನಿಂತು ನೋಡಿ ಬಂದರು. ಎದ್ದು ನಿಂತು ಕೂಗುವವರು ಒಬ್ಬರಾದರೂ ಇದ್ದಿದ್ದರೆ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಆಕೆ ಸಾಯುವಾಗಲೂ ಹೊಸ ನಾಟಕದ ತಾಲೀಮಿನಲ್ಲಿದ್ದಳು. ಕ್ಷಯ ಮತ್ತೆ ತಿರುಗಿ ಬಂದು ಹೋಗಿಬಿಟ್ಟಳು. ಸುದ್ದಿ ತಿಳಿದ ಮೇಲೆ ಲಂಡನ್ನಿನ ರಂಗಮಂದಿರಗಳು ಹೊರಗಿನ ದೀಪವನ್ನು ಒಂದು ಗಂಟೆ ಆರಿಸಿದವು.

ಹೇಮಾವತಿ ದಂಡೆ (ಸಕಲೇಶಪುರ):

ಎಲ್ಲರಿಗೂ ಏನು ಹೇಳಲಿ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಇಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಆಯಿತು. ತೋಟದಲ್ಲಿ ಕೈ ಬಿಡುವಿಲ್ಲ.

ನೀವು ಬರೆದಿದ್ದನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ. ಸಂಜೆ, ಹಟ್ಟಿ ಜಗುಲಿಯಲ್ಲಿ ಕೂತು. ಭಾನುವಾರದ ಪಾಠದ ವಿಷಯ ಬಂದಾಗ ಇನ್ನೊಂದು ಸಲ ಓದು ಅಂದಳು. ಸಿಸ್ಟರ್ ಬರೆದ ಇಸವಿಗಳನ್ನು ಓದುವಾಗ ಹಾಲಿನ ಪಾತ್ರೆ ಕೆಳಗಿಟ್ಟಳು. "1970 ಅಂದ್ರಾ? 67ಕ್ಕೆ ಹೋದ್ಳಾ?" ಅಂತ ಕೇಳಿದಳು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಅವಳಿಗೆ ಕೊಡೋಕೆ ಯಾರ ಹತ್ರನೂ ಇರ್ಲಿಲ್ಲ" ಅಂದಳು. ಅವತ್ತು ರಾತ್ರಿ ನಾನು ನೆನಪಿಸಲಿಲ್ಲ. ಅವಳೇ ಎದ್ದು ಹೋಗಿ ತಗೊಂಡಳು. ಬಾಗಿಲ ಸಂದಿಯಿಂದ ನೋಡಿದೆ. ಹಾಗೆ ನೋಡಬಾರದಿತ್ತು, ಆದರೆ ನೋಡಿದೆ.

ಸಿಸ್ಟರ್, ರಕ್ತ ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್ ಕಡಿಮೆ ಇದೆ. ನೀವು ಹೇಳದೆ ಹೋಗಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಡಾಕ್ಟರ್ ಅದಕ್ಕೆ ಬೆಳಗ್ಗೆ ಒಂದು ಸಣ್ಣ ಮಾತ್ರೆ ಬರೆದಿದ್ದಾರೆ. ನಿರ್ದೇಶಕರ ಹತ್ತಿರ ಅಕ್ಕನೇ ಮಾತಾಡಿದಳು. ಏನು ಮಾತಾಡಿದಳು ಅಂತ ನನಗೆ ಹೇಳಿಲ್ಲ. ನಾಟಕದಲ್ಲಿ ಇದ್ದಾಳೆ. ಮುಂದಿನ ತಿಂಗಳು ಹಾಸನಾಂಬ ಕಲಾಕ್ಷೇತ್ರದಲ್ಲಿ ಆಟ. ಒಂಬತ್ತು ಗಂಟೆಗೆ ಬಿಡುತ್ತಿದ್ದಾರೆ. ಭಾನುವಾರ ಮಧ್ಯಾಹ್ನ ತಂಡದ ಇನ್ನೊಬ್ಬ ಹುಡುಗಿ ನಮ್ಮ ಮನೆಗೇ ಬರುತ್ತಾಳೆ. ಇಬ್ಬರೂ ಕಣದಲ್ಲಿ ಮಾತು ಒಪ್ಪಿಸಿಕೊಳ್ಳುತ್ತಾರೆ.

ತೋಟದ ಮನೆಯವರಿಗೆ. ನೀವು ಹೇಳಿದ ಸಿನಿಮಾ ನೋಡಿದೆವು. ಅಕ್ಕ ರಿಮೋಟ್ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಳು. ಒಂದು ಕಡೆ ದೂರದಲ್ಲಿ ಒಬ್ಬ ಹೆಂಗಸು ಬೆನ್ನು ಹಾಕಿ ನಡೆದು ಹೋಗುತ್ತಾಳೆ. ಅಕ್ಕ ಅಲ್ಲೇ ನಿಲ್ಲಿಸಿದಳು. "ಇವಳೇ. ನಡಿಗೆ ನೋಡು" ಅಂದಳು. ಹಿಂದೆ ಹಾಕಿ ನಾಲ್ಕು ಸಲ ನೋಡಿದಳು. ನನಗೆ ಗೊತ್ತಾಗಲಿಲ್ಲ. ಅವಳಿಗೆ ಮಾತ್ರ ಅನುಮಾನವೇ ಇಲ್ಲ.

ನೀವು ಮೂರು ಸಲ ನೋಡಿದ್ದೇನೆ ಅಂದಿರಲ್ಲ. ಯಾವ ಯಾವ ಕಡೆ ಅವರು ಇದ್ದಾರೆ ಅಂತ ನಿಮಗೆ ಗುರುತು ಸಿಕ್ಕಿದ್ದರೆ ಬರೆಯುತ್ತೀರಾ? ಅಕ್ಕ ದಿನಾ ಕೇಳುತ್ತಿದ್ದಾಳೆ.